ಲೆಕ್ಕ ಚುಕ್ತಾ ಮಾಡಾಕ ಕರದಾಗ

ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಹುಬ್ಬಳ್ಳಿ-ಧಾರವಾಡದ ತಾರಿಹಾಳ, ಗೋಕುಲ ರೋಡ್, ಬೇಲೂರು ಫ್ಯಾಕ್ಟರಿ ಕಡಿಂದ ಶಿಫ್ಟ್ ಮುಗಿಸಿ ಸೀದಾ ಬಂದವ್ರೂ ಇದ್ದೀರಿ, ಅದಕ್ಕ ಪೀಠಿಕೆ ಬ್ಯಾಡ. ಕೆಲಸ ಹೋದ ಮ್ಯಾಲೆ ಕಂಪನಿಯವ್ರು ಫೋನ್ ಹಚ್ಚಿ "ಬರ್ರಿ, ಕುಂತು ಮಾತಾಡೋಣು" ಅಂತಾರಲ್ಲ, ಆ ಮೀಟಿಂಗ್ ಬಗ್ಗೆ ಅಷ್ಟ ಹೇಳ್ತೀನಿ.

ಅಲ್ಲಿ ಎಚ್‌ಆರ್ ಸಾಹೇಬ್ರು ಚಾ ತರಿಸ್ತಾರ, ಮನ್ಯಾಗ ಎಲ್ಲಾ ಆರಾಮೇನು ಅಂತ ಕೇಳ್ತಾರ, ಆಮ್ಯಾಲ ಮೆಲ್ಲಕ ಒಂದು ಹಾಳಿ ಮುಂದ ಸರಿಸಿ "ರಾಜೀನಾಮೆ ಅಂತ ಬರದು ಕೊಟ್ಬಿಡ್ರಿ, ಎಕ್ಸ್‌ಪೀರಿಯನ್ಸ್ ಲೆಟರ್ ಇವತ್ತ ಕೊಡ್ತೀವಿ, ಬ್ಯಾರೆ ಕಡೆ ಕೆಲಸ ಸಿಗಾಕ ಚಲೋ ಆಗ್ತೈತಿ" ಅಂತಾರ. ನಮ್ಮ ಮಂದಿಗೆ ಭಿಡೆ ಭಾಳ. ಇಷ್ಟು ವರ್ಷ ಅನ್ನ ಕೊಟ್ಟಾರ ಅಂತ ಪೆನ್ನು ತಗೀತಾರ, ಅಲ್ಲೇ ಹೋತು ನೋಡ್ರಿ. ಯಾಕಂದ್ರ ಮಂದಿ ಹೆಚ್ಚಾಗ್ಯಾರ ಅಂತ ಕಂಪನಿನ ತಗದ್ರ, ವರ್ಷ ತುಂಬಿದ ಕಾರ್ಮಿಕರಿಗೆ ಕಮ್ಮೀತ ಕಮ್ಮಿ ಒಂದು ತಿಂಗಳ ನೋಟಿಸ್ ಇಲ್ಲಾ ಅದರ ಪಗಾರ, ಮ್ಯಾಲ ಒಂದೊಂದು ವರ್ಷದ ಸರ್ವಿಸ್‌ಗೆ 15 ದಿವಸದ ಪಗಾರ ಪರಿಹಾರ ಕೊಡಬೇಕು. 8 ವರ್ಷ ದುಡದವ್ರಿಗೆ ಅದ ನಾಲ್ಕು ತಿಂಗಳ ಪಗಾರ ಆತು. ತಾನ ಬಿಟ್ಟೆ ಅಂತ ಬರದು ಕೊಟ್ರ ಈ ಪರಿಹಾರ ಕೇಳಾಕ ದಾರಿನ ಮುಚ್ಚಿದಂಗ.

ಗ್ರಾಚ್ಯುಟಿ, ಅಂದ್ರ ದುಡದ ವರ್ಷದ ಲೆಕ್ಕದಾಗ ಕೆಲಸ ಬಿಡುವಾಗ ಬರೋ ರೊಕ್ಕ, ಅದು ಬ್ಯಾರೆ. ಐದು ವರ್ಷ ತುಂಬಿದ್ರ ರಾಜೀನಾಮೆ ಕೊಟ್ಟವ್ರಿಗೂ ಬರ್ತೈತಿ. ಲೆಕ್ಕ ಹಿಡಿಯೋ ಕೊನೀ ಪಗಾರ 13,000 ಇದ್ರ ಅದನ್ನ 15ರಿಂದ ಗುಣಿಸಿ 26ರಿಂದ ಭಾಗಿಸ್ರಿ (ವರ್ಷಕ್ಕ 15 ದಿವಸದ ಪಗಾರ, ತಿಂಗಳಂದ್ರ 26 ದಿವಸ ಅಂತ ಲೆಕ್ಕ), 7,500 ಬರ್ತೈತಿ, ಎಂಟು ವರ್ಷಕ್ಕ 60,000. ಅವರ ಹಾಳ್ಯಾಗ 52,000 ಕಂಡ್ರ, 26ರ ಬದಲಿ 30ರಿಂದ ಭಾಗಿಸ್ಯಾರ ಅಂತ ತಿಳೀರಿ. ಬೇಕಂತ ಮಾಡ್ಯಾರೋ ಕೈತಪ್ಪಿ ಆಗೈತೋ ಅದು ನಮಗ್ಯಾಕ, ತೋರಿಸಿ ತಿದ್ದಸ್ರಿ. ಇಡೀ ಮೀಟಿಂಗ್‌ನ್ಯಾಗ ನಿಮ್ಮ ಕೈಗೆ ನಿಜವಾಗ್ಲೂ ರೊಕ್ಕ ತಂದು ಕೊಡೋದು ಈ ಪೇಸ್ಲಿಪ್ ಲೆಕ್ಕನ, ಬಾಕಿ ಮಾತೆಲ್ಲಾ ಚಾದ ಜೋಡಿ ಹೋಗ್ತಾವ.

ಸಹಿ ಮಾತ್ರ ಅವತ್ತ ಬ್ಯಾಡ. "ಮನ್ಯಾಗ ತೋರ್ಸಿ ತರ್ತೀನ್ರೀ ಸರ್" ಅನ್ರಿ, ಇದಕ್ಕ ಯಾರೂ ಸಿಟ್ಟಾಗಾಂಗಿಲ್ಲ, ಸಿಟ್ಟಾದ್ರ ಆ ಹಾಳಿ ಇನ್ನೊಮ್ಮೆ ಸರಿಯಾಗಿ ಓದ್ರಿ. ರೊಕ್ಕದ ಅಡಚಣಿ ಐತಿ, ತಗೊಳ್ಳಾಕ ಬೇಕು ಅಂದ್ರ ಸಹಿ ಮ್ಯಾಲೆ ನಿಮ್ಮ ಕೈಲೆ "ಹಣ ಮುಟ್ಟಿದೆ, ಲೆಕ್ಕಕ್ಕೆ ನನ್ನ ತಕರಾರು ಇದೆ" ಅಂತ ತಾರೀಖು ಹಾಕಿ ಬರೀರಿ, ಫೋನ್‌ನ್ಯಾಗ ಫೋಟೋ ಹೊಡ್ಕೊರಿ. ಖಾಲಿ ಹಾಳಿಗೆ ಸಹಿ ಅಂತೂ ಯಾರಪ್ಪ ಹೇಳಿದ್ರೂ ಇಲ್ಲ. ಮನಿಗೆ ಬಂದ ಮ್ಯಾಲೆ "ಇವತ್ತಿನ ಮೀಟಿಂಗ್‌ನ್ಯಾಗ ನೀವು ಹೀಗೆ ಹೇಳಿದ್ರಿ" ಅಂತ ನಾಲ್ಕು ಸಾಲು ಮೇಲ್ ಹಾಕ್ರಿ, ಅವರು ಉತ್ತರ ಕೊಡ್ಲಿಲ್ಲಂದ್ರೂ ಅದು ದಾಖಲೆ.

ಯೂಟ್ಯೂಬ್‌ನ್ಯಾಗ ಟೇಬಲ್ ಕುಟ್ಟಿ ಮಾತಾಡೋರನ್ನ ನೋಡಿ ಹೋಗಬ್ಯಾಡ್ರೀ ಹುಡುಗ್ರ, ಒದರ್ಯಾಡಿದ್ರ ನಾಳೆ ಅದನ್ನ ದುರ್ನಡತೆ ಅಂತ ಬರದು ಇಡ್ತಾರ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು, ಅಂದ್ರ ಕಾರ್ಮಿಕರ ಹೊಸ ಕಾನೂನು, ಜಾರಿಯಾಗ್ಯಾವ. ಅದರ ಪ್ರಕಾರ ಕೆಲಸ ಹೋದ ಎರಡು ಕೆಲಸದ ದಿವಸದಾಗ ಬಾಕಿ ಪಗಾರ ಕೊಡಬೇಕು. ತಗದಿದ್ದ ತಪ್ಪು ಅಂತ ಅನಸಿದ್ರ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡ್ರಿ, 45 ದಿವಸದಾಗ ಬಗೀಹರೀಲಿಲ್ಲಂದ್ರ ಸೀದಾ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ಆದ್ರ ಕೆಲಸ ಹೋದ ತಾರೀಖಿನಿಂದ ಎರಡು ವರ್ಷದ ಒಳಗ. ಇನ್ನ ಹೆಸರಿಗೆ ಸೂಪರ್‌ವೈಸರ್ ಅಂತ ಇದ್ದು ದಿನಾ ಮಷಿನ್ ಮ್ಯಾಲ ದುಡಿಯೋರು ನಮಗಿದು ಇಲ್ಲ ಅಂತ ಹಿಂದ ಸರೀಬ್ಯಾಡ್ರಿ, ನೋಡೋದು ಮಾಡೋ ಕೆಲಸನ.

ಈಗ ಪೇಸ್ಲಿಪ್ ತಂದವ್ರು ಮುಂದ ಬರ್ರಿ, ಕ್ಯಾಲ್ಕ್ಯುಲೇಟರ್ ಐತಿ, ಲೆಕ್ಕ ಹಾಕೋಣು.