ನಿಲ್ಲಿಸಿದವರ ಕೂಲಿ ಕಡಿಯಬೇಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಮಾಲೀಕರೇ, ಚಳ್ಳಕೆರೆಯ ಎಣ್ಣೆ ಗಿರಣಿಯವರೇ, ನಮಸ್ಕಾರ. ಕೆಲಸವನ್ನು ದಿನದಿನಕ್ಕೆ ತುಸುತುಸುವೇ ಸುಧಾರಿಸುವ ಕೈಜೆನ್, ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಫೈವ್ ಎಸ್ ಎಂಬ ಜಪಾನಿನ ಪದ್ಧತಿಗಳ ಹೆಸರು ನೀವು ಕೇಳಿದ್ದೀರಿ. ತರಬೇತಿಗೂ ಹೋಗಿ ಬಂದಿದ್ದೀರಿ. "ಇದೆಲ್ಲ ನಮ್ಮ ಊರಿಗೆ ಒಗ್ಗುವುದಿಲ್ಲ" ಎನ್ನುತ್ತೀರಿ. ಒಗ್ಗುತ್ತದೆ. ಆದರೆ ತಪ್ಪು ಕಂಡು ಕೆಲಸ ನಿಲ್ಲಿಸಿದವರ ಕೂಲಿ ಕಡಿಯಬಾರದು, ಅಷ್ಟೇ.

ಇಲ್ಲಿಯ ಭಟ್ಟಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಗೋಡೆಗೆ ಫಲಕ ಬಂದಿತ್ತು, ನೆಲಕ್ಕೆ ಹಳದಿ ಗೆರೆ ಬಿದ್ದಿತ್ತು, ಪೊರಕೆಗೂ ಒಂದು ಜಾಗ ಗೊತ್ತಾಗಿತ್ತು. ಆದರೂ ಮಂಡಕ್ಕಿಯಲ್ಲಿ ಮರಳು ಸಿಗುತ್ತಿದೆ ಎಂದು ಅಂಗಡಿಯವರು ಚೀಲಗಳನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ಉಪ್ಪುನೀರು ಕುಡಿದ ಅಕ್ಕಿ ಕಾದ ಮರಳಿಗೆ ಬಿದ್ದು ಅರಳುತ್ತದೆ, ಜರಡಿಯಲ್ಲಿ ಮರಳು ಕೆಳಗಿಳಿಯುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮಾಲೀಕರು ಮರಳು ಬದಲಿಸಿದರು, ಅಕ್ಕಿ ಬದಲಿಸಿದರು, ಮರಳು ಮಾತ್ರ ಬರುತ್ತಲೇ ಇತ್ತು. ಚೀಲ ತುಂಬುತ್ತಿದ್ದ ಹೆಂಗಸನ್ನು ಕೇಳಿದೆ. ಆಕೆ ಮಾತಾಡದೆ ಜರಡಿಯನ್ನು ಬೆಳಕಿಗೆ ಎತ್ತಿ ಹಿಡಿದರು. ಒಂದು ಮಗ್ಗುಲಿನ ಕಣ್ಣುಗಳೆಲ್ಲ ಸೀದ ನುಚ್ಚಿನಿಂದ ಕಟ್ಟಿಕೊಂಡಿದ್ದವು.

"ಯಜಮಾನರಿಗೆ ಹೇಳಬಾರದಿತ್ತೇ ತಾಯಿ?"

"ಹೇಳಿದರೆ ಭಟ್ಟಿ ನಿಲ್ಲಿಸಿ ಇದನ್ನು ತಿಕ್ಕುತ್ತಾ ಕೂರಬೇಕು ಸರ್. ನಮಗೆ ಚೀಲದ ಲೆಕ್ಕದಲ್ಲಿ ಕೂಲಿ. ತಿಕ್ಕಿದ ಹೊತ್ತಿಗೆ ಯಾರು ಕೊಡುತ್ತಾರೆ?"

ಆಕೆಯ ಲೆಕ್ಕದಲ್ಲಿ ತಪ್ಪೇನಿದೆ, ಹೇಳಿ! ಆ ಮಾಲೀಕರು ದೊಡ್ಡ ಮನಸ್ಸಿನವರು. ತಿಕ್ಕಿದ ಹೊತ್ತಿಗೂ ಕೂಲಿ ಕಟ್ಟಿಕೊಟ್ಟರು. ಅಲ್ಲಿಂದಾಚೆಗೆ ಜರಡಿ ನೋಡಿ ಭಟ್ಟಿ ನಿಲ್ಲಿಸುವವರು ಆಕೆಯೇ. ಚೀಲ ಮರಳಿ ಬರುವುದು ನಿಂತಿತು. ಮತ್ತೆ ಹೇಳುತ್ತೇನೆ, ನಿಲ್ಲಿಸಿದವರ ಕೂಲಿ ಕಡಿಯಬೇಡಿ.

ಟೊಯೋಟಾದಲ್ಲಿ ದೋಷ ಕಂಡ ಕಾರ್ಮಿಕ ನೆರವು ಕರೆಯುವ ಹಗ್ಗ ಎಳೆಯುತ್ತಾನೆ, ಸರಿಹೋಗದಿದ್ದರೆ ಕಾರು ಜೋಡಿಸುವ ಇಡೀ ಸಾಲೇ ನಿಲ್ಲುತ್ತದೆ. ಅದು ಜಪಾನಿನವರ ಹುಟ್ಟುಗುಣ ಎನ್ನಬೇಡಿ. ಅಮೆರಿಕದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿದ್ದ ಕಾರ್ಖಾನೆಯನ್ನು 1984ರಲ್ಲಿ ಟೊಯೋಟಾ ಜೊತೆಗೂಡಿ ಮತ್ತೆ ತೆರೆಯಿತು. ಬಹುಪಾಲು ಹಳೆಯ ಕಾರ್ಮಿಕರೇ ಈ ಪದ್ಧತಿಯಲ್ಲಿ ಒಳ್ಳೆಯ ಕಾರು ತಯಾರಿಸಿದರು. ಅದೇ ಜನರಲ್ ಮೋಟಾರ್ಸ್‌ನ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಈ ಪದ್ಧತಿ ಬೇರೂರಲಿಲ್ಲ. ದಿನಕ್ಕೆ ಎಷ್ಟು ಕಾರು ಹೊರಬಿತ್ತು ಎಂಬುದೇ ಅಲ್ಲಿ ದೊಡ್ಡದಾಗಿತ್ತು. ನಮ್ಮ ಚೀಲದ ಲೆಕ್ಕವೇ ತಾನೇ ಇದು?

ಸಮಯ ಮುಗಿಯುತ್ತಾ ಬಂತು. ಚಳ್ಳಕೆರೆಯವರೇ, ನಿಮ್ಮ ಯಂತ್ರದ ಸದ್ದು ಕೆಟ್ಟದ್ದು ಮೊದಲು ತಿಳಿಯುವುದು ಶೇಂಗಾ ಸುರಿಯುವವನಿಗೆ. ಈ ವಾರದ ಬಟವಾಡೆಯಲ್ಲೇ, ಯಂತ್ರ ನಿಲ್ಲಿಸಿದ ಹೊತ್ತಿನ ಕೂಲಿಯನ್ನೂ ಪಟ್ಟಿಗೆ ಸೇರಿಸಿ. ಗೋಡೆಯ ಫಲಕವನ್ನು ಆಮೇಲೆ ಬರೆಸಿದರಾಯಿತು.