ಎರಡೂ ತೂತಿನಲ್ಲಿ ಟೆಸ್ಟರ್ ಹೊತ್ತಿದರೆ

ಕೇಳುಗರೆಲ್ಲರಿಗೂ ನಮಸ್ಕಾರ್ರಿ.

ಮಿಕ್ಸರ್‌ನ ಪಿನ್ ಹಾಕಿ ಸ್ವಿಚ್ ಒತ್ತಿದಿರಿ, ತಿರುಗಲಿಲ್ಲ. ಟೆಸ್ಟರ್ ಹಚ್ಚಿದರೆ ಸಾಕೆಟ್ಟಿನ ಬಲ ತೂತಿನಲ್ಲೂ ಬೆಳಕು, ಎಡ ತೂತಿನಲ್ಲೂ ಬೆಳಕು. 'ಎರಡೂ ಕಡೆ ಕರೆಂಟ್ ಬರಾಕತ್ತೈತಿ, ಶಾರ್ಟ್ ಆಗೇತ್ರಿ' ಅಂತ ಪಕ್ಕದ ಮನೆಯವರು ತೀರ್ಪು ಕೊಟ್ಟೇ ಬಿಡುತ್ತಾರೆ. ಶಾರ್ಟ್ ಆಗಿದ್ದರೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಆಗಲೇ ಬೀಳುತ್ತಿತ್ತು. ಇದು ಹೆಚ್ಚಾಗಿ ನ್ಯೂಟ್ರಲ್, ಅಂದರೆ ಕರೆಂಟ್ ಮರಳಿ ಹೋಗುವ ಕಪ್ಪು ತಂತಿ, ಕಡಿದ ಲಕ್ಷಣ.

ಕರೆಂಟ್ ತರುವ ಫೇಸ್ ಬಂದಿದೆ, ಮರಳಿ ಹೋಗುವ ದಾರಿ ಮುಚ್ಚಿದೆ. ಅದೇ ಸಾಲಿನಲ್ಲಿ ಆನ್ ಇರುವ ಬಲ್ಬನ್ನೋ, ನೀವೇ ಹಚ್ಚಿದ ಮಿಕ್ಸರನ್ನೋ ಹಾದು ಫೇಸ್ ಕಪ್ಪು ತಂತಿಗೆ ಬಂದು ನಿಂತಿದೆ. ಆ ಸಾಲಿನ ಪಿನ್ನುಗಳನ್ನೆಲ್ಲ ಕಿತ್ತು, ಲೈಟು ಫ್ಯಾನು ಆರಿಸಿ, ಈ ಸಾಕೆಟ್ಟಿನ ಸ್ವಿಚ್ ಒಂದನ್ನೇ ಆನ್ ಇಟ್ಟು ಮತ್ತೆ ನೋಡಿ. ಎಡ ತೂತಿನ ಬೆಳಕು ಆರಿದರೆ ಗುಮಾನಿ ನಿಜ. ಕಪ್ಪು ತಂತಿ ಅಂತ ಸಲಿಗೆಯಿಂದ ಮುಟ್ಟಬೇಡಿ. ಇಂಥ ಹೊತ್ತಿನಲ್ಲಿ ಅದರಲ್ಲೂ 230 ವೋಲ್ಟ್ ಇರಬಹುದು.

ಕಡಿದದ್ದು ಎಲ್ಲಿ? ಗೋಡೆಯೊಳಗಿನ ಪೈಪಿನಲ್ಲಿ ತಂತಿ ತಾನಾಗಿ ಕಡಿಯುವುದು ಅಪರೂಪ, ಯಾರಾದರೂ ಮೊಳೆ ಹೊಡೆದಿದ್ದರೆ ಮಾತ್ರ. ತಂತಿ ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಲೂಪ್ ಆಗಿ ಹೋಗಿರುತ್ತದೆ. ಹಾಗಾಗಿ ಸರಿ ಇರುವ ಕೊನೆಯ ಬೋರ್ಡು, ಸತ್ತಿರುವ ಮೊದಲ ಬೋರ್ಡು, ಇವೆರಡನ್ನೇ ಮೊದಲು ಬಿಚ್ಚಬೇಕು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಪರೀಕ್ಷಿಸಿಕೊಂಡು, ಮೇನ್ ಇಳಿಸಿ, ಬೋರ್ಡಿನಲ್ಲಿ ಟೆಸ್ಟರ್ ಹೊತ್ತುತ್ತಿಲ್ಲವೆಂದು ನೋಡಿ, ಆಮೇಲೆ ಸ್ಕ್ರೂ ತೆಗೆಯಿರಿ. ಒಂದೇ ಸ್ಕ್ರೂ ಕೆಳಗೆ ಮೂರು ತಂತಿ ತುರುಕಿರುತ್ತಾರೆ. ಎರಡು ಬಿಗಿ, ಮೂರನೆಯದು ಸಡಿಲ. ಇಲ್ಲವೆ ತಾಮ್ರದ ಬದಲು ಮೇಲಿನ ಪ್ಲಾಸ್ಟಿಕ್ಕೇ ಸ್ಕ್ರೂಗೆ ಸಿಕ್ಕಿರುತ್ತದೆ. ತಂತಿ ಕರ್ರಗಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಸುಮಾರು 10 ಮಿಲಿಮೀಟರ್ ಸುಲಿದು, ಬಿಗಿದು, ಜಗ್ಗಿ ನೋಡಿ. ಸಾಕೆಟ್ಟಿನ ಒಳಗಿನ ಹಿತ್ತಾಳೆ ಬಣ್ಣಗೆಟ್ಟಿದ್ದರೆ ಸ್ಕ್ರೂ ಬಿಗಿದು ಫಲವಿಲ್ಲ, ಸಾಕೆಟ್ಟೇ ಬದಲಾಗಬೇಕು.

ಮನೆಯ ಕೆಲವು ದೀಪ ಝಗಝಗ, ಕೆಲವು ಮಂಕು ಆದರೆ ಇಷ್ಟೆಲ್ಲ ಹುಡುಕುತ್ತ ಕೂಡಬೇಡಿ. ತ್ರೀ ಫೇಸ್ ಮನೆಗೆ ಬರುವ ನ್ಯೂಟ್ರಲ್ಲೇ ಹೋಗಿದೆ. ತಕ್ಷಣ ಮೇನ್ ಇಳಿಸಿ, ಇಲ್ಲದಿದ್ದರೆ ಟಿವಿ, ಫ್ರಿಜ್ ಸುಡುತ್ತವೆ. ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಸ್ಕ್ರೂ ಸಡಿಲಾಗಲು ಮುಖ್ಯ ಕಾರಣ ಬಿಸಿ. ಧಾರವಾಡದ ಚಳಿಗೆ ನೀರು ಕಾಯಿಸುವ ರಾಡ್ 1500 ವ್ಯಾಟಿನದಾದರೆ ಆರೂವರೆ ಆಂಪಿಯರ್ ಎಳೆಯುತ್ತದೆ. ಸಣ್ಣ ಸಾಕೆಟ್ಟಿನ ಶಕ್ತಿ 6 ಆಂಪಿಯರ್, ಅದರ ಹಿಂದಿನ ತಂತಿ ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್. ರಾಡಿಗೆ, ಗೀಸರಿಗೆ 16 ಆಂಪಿಯರ್ ಸಾಕೆಟ್ಟೇ ಬೇಕು, ಕನಿಷ್ಠ 2.5ರ ತಾಮ್ರದ ತಂತಿ ಬೇಕು. ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದನ್ನು ಕೂಡಿಸುವವರಿದ್ದಾರೆ. ಎಂಸಿಬಿ ಇರುವುದು ತಂತಿಯನ್ನು ಕಾಯಲಿಕ್ಕೆ. ಅದನ್ನು ಬಲ ಮಾಡಿದರೆ ಗೋಡೆಯೊಳಗೆ ತಂತಿ ಸುಡುತ್ತದೆ.

ಆರ್‌ಸಿಸಿಬಿಯ ತಕರಾರು ಬೇರೆ. ಕರೆಂಟ್ ಎಲ್ಲಾದರೂ ಸೋರಿದರೆ ಬೀಳುವ ಸ್ವಿಚ್ ಅದು. ಜಿಟಿಜಿಟಿ ಮಳೆಗೆ ಗೋಡೆ ನೆನೆದಾಗ ಅದು ಬೀಳುತ್ತದೆ. ಎಂಸಿಬಿಗಳನ್ನೆಲ್ಲ ಇಳಿಸಿದರೂ ಬೀಳುತ್ತಿದೆಯೆ? ಸಾಮಾನ್ಯ ಸಿಂಗಲ್ ಪೋಲ್ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಕೂಡಿಯೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ಅರ್ಥಿಂಗಿಗೆ, ಅಂದರೆ ನೆಲಕ್ಕೆ ಹೋಗುವ ತಂತಿಗೆ, ತಾಗಿರಬಹುದು. ಅಡುಗೆಮನೆಯಲ್ಲಿ ತಾಗಿದ್ದಕ್ಕೆ ಪಡಸಾಲೆಯ ಇಸ್ತ್ರಿ ಹಚ್ಚಿದಾಗ ಬೀಳಬಹುದು. ಜನ ಇಸ್ತ್ರಿಯನ್ನು ಬೈಯುತ್ತಾರೆ. ಮೇನ್ ಇಳಿಸಿ ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ತಂತಿ ಬಿಡಿಸಿ ಹುಡುಕಬೇಕು. ಈ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ಗೆ ಬಿಡಿ.

ಇನ್ನು ಅರ್ಥಿಂಗ್. ನವಲಗುಂದ, ರೋಣದ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಗುಂಡಿಯಲ್ಲಿ ಹೂತ ಅರ್ಥಿಂಗ್ ಪೈಪಿನಿಂದ ಸರಿಯುತ್ತದೆ. ಗುಂಡಿಗೆ ನೀರು ಹಾಕಲೇಬೇಕು. ಫೇಸಿಗೂ ಅರ್ಥಿಂಗಿಗೂ ಮಲ್ಟಿಮೀಟರ್ ಹಿಡಿದಾಗ 230 ವೋಲ್ಟ್ ತೋರಿಸಿತೆಂದು ಅರ್ಥಿಂಗನ್ನು ನಂಬಬೇಡಿ, ಮೀಟರಿಗೆ ಬೇಕಾಗುವ ಕರೆಂಟ್ ತೀರ ಕಡಿಮೆ, ದುರ್ಬಲ ಅರ್ಥಿಂಗಿಗೂ ಅದು ಅಷ್ಟೇ ತೋರಿಸುತ್ತದೆ. ಗುಂಡಿಯ ಗುಣ ತಿಳಿಯಲು ಅರ್ಥ್ ಟೆಸ್ಟರ್ ಎಂಬ ಬೇರೆ ಉಪಕರಣವೇ ಬೇಕು.

ಕೆಲವು ಮನೆಗಳಲ್ಲಿ ಸಾಕೆಟ್ ಬಿಚ್ಚಿದರೆ ಮೇಲಿನ ದೊಡ್ಡ ತೂತಿನ ಸ್ಕ್ರೂದಿಂದ ನ್ಯೂಟ್ರಲ್ಲಿಗೆ ಒಂದು ತುಂಡು ತಂತಿ ಹಾಕಿರುತ್ತಾರೆ. 'ಅರ್ಥಿಂಗ್ ಕೊಟ್ಟೇನ್ರಿ' ಅನ್ನುವುದು ಇದಕ್ಕೇ. ನ್ಯೂಟ್ರಲ್ ಸರಿ ಇರುವ ತನಕ ಏನೂ ಗೊತ್ತಾಗುವುದಿಲ್ಲ. ಆಗಲೇ ಹೇಳಿದ ಹಾಗೆ ಅದು ಕಡಿಯಿತೆನ್ನಿ, ಕಪ್ಪು ತಂತಿಗೆ ಬಂದು ನಿಂತ ಫೇಸ್ ಈ ತುಂಡಿನ ಮೂಲಕ ನೇರ ಫ್ರಿಜ್ಜಿನ ಮೈಗೆ ಇಳಿಯುತ್ತದೆ. ಆ ತುಂಡು ಕಂಡರೆ ಮೇನ್ ಇಳಿಸಿ ತೆಗೆಸಿ. ಗುಂಡಿಯಿಂದ ಹಸಿರು ತಂತಿ ಬರುವ ತನಕ ಆ ಸಾಕೆಟ್ಟಿಗೆ ಫ್ರಿಜ್, ಇಸ್ತ್ರಿ, ಗೀಸರ್ ಹಚ್ಚಬೇಡಿ.

ನಮಸ್ಕಾರ.