ಹಾಸನದಿಂದ ಹೊರಟು ವಿಮಾನ ತಪ್ಪಿದರೆ ಏನಾಗುತ್ತದೆ?

[ಪರದೆಯ ಮೇಲೆ: ಒಂದು ವಿಮಾನ ಟಿಕೆಟ್. ಹೊರಡುವ ಸಮಯ ಬೆಳಿಗ್ಗೆ 9.30]

ನಮಸ್ಕಾರ. ಈ ಟಿಕೆಟ್ ನೋಡಿ. ಬೆಂಗಳೂರಿನಿಂದ ದೆಹಲಿಗೆ, ಬೆಳಿಗ್ಗೆ 9.30. ಟಿಕೆಟ್ ಹಿಡಿದವರು 8.40ಕ್ಕೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಕೌಂಟರ್ ಮುಂದೆ ನಿಂತಿದ್ದಾರೆ. ಹೊರಡಲು ಇನ್ನೂ 50 ನಿಮಿಷ ಇದೆ. ಆದರೂ ಅವರ ಪೆಟ್ಟಿಗೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. "ವಿಮಾನ ಇಲ್ಲೇ ನಿಂತಿದೆಯಲ್ಲಮ್ಮಾ, ಸ್ವಲ್ಪ ನೋಡಿ" ಎಂದು ಬೇಡಿಕೊಂಡರೂ ಉತ್ತರ ಒಂದೇ: ಕೌಂಟರ್ ಮುಚ್ಚಿದೆ.

ಮಗಳ ಮನೆಗೆಂದು, ಗಲ್ಫ್‌ನ ಕೆಲಸಕ್ಕೆಂದು, ಕಾಶಿಗೆಂದು, ಉಮ್ರಾಕ್ಕೆಂದು ನಮ್ಮ ಹಾಸನ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರಿನ ಕಡೆಯಿಂದ ಮೊದಲ ಬಾರಿ ವಿಮಾನ ಹತ್ತಲು ಹೊರಡುವ ಮನೆಗಳು ಎಷ್ಟೋ ಇವೆ. ಅವರಲ್ಲಿ ಒಬ್ಬರೂ ಆ ಕೌಂಟರಿನ ಮುಂದೆ ಕಣ್ಣೀರು ಹಾಕಬಾರದು. ಅದಕ್ಕಾಗಿ ಈ ವಿಡಿಯೋ.

ಮೊದಲನೆಯದಾಗಿ, ಟಿಕೆಟ್‌ನಲ್ಲಿ ಅಚ್ಚಾಗಿರುವ 9.30 ನಿಮ್ಮ ಸಮಯವಲ್ಲ, ವಿಮಾನದ ಸಮಯ. ದೇಶದೊಳಗಿನ ಪ್ರಯಾಣಕ್ಕೆ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ, ಅಂದರೆ 8.30ಕ್ಕೆ ಮುಚ್ಚುತ್ತದೆ. ವಿದೇಶಕ್ಕಾದರೆ 60ರಿಂದ 75 ನಿಮಿಷ ಮೊದಲು. ಕೆಲವು ಸಂಸ್ಥೆಗಳಲ್ಲಿ ಅದಕ್ಕಿಂತಲೂ ಮುಂಚೆ. ವಿಮಾನ ಹತ್ತುವ ಗೇಟು ಮುಚ್ಚುವುದು ಸುಮಾರು 25 ನಿಮಿಷ ಮೊದಲು. ನಮ್ಮ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಸೀಟಿ ಊದಿದ ಮೇಲೂ ಓಡಿ ಹೋಗಿ ಬಾಗಿಲು ಹಿಡಿಯಬಹುದು. ಇಲ್ಲಿ ಆ ಅವಕಾಶವೇ ಇಲ್ಲ.

[ದೃಶ್ಯ: ವಿಮಾನದ ಹೊಟ್ಟೆಗೆ ಪೆಟ್ಟಿಗೆಗಳನ್ನು ತುಂಬುತ್ತಿರುವುದು]

ಏಕೆ ಇಷ್ಟು ಬಿಗಿ? ಕೌಂಟರ್ ಮುಚ್ಚಿದ ಮೇಲೆಯೇ ಎಷ್ಟು ಜನ, ಎಷ್ಟು ಪೆಟ್ಟಿಗೆ ಎಂಬ ಲೆಕ್ಕ ಅಂತಿಮವಾಗುತ್ತದೆ. ವಿಮಾನದ ಒಟ್ಟು ತೂಕ ಎಷ್ಟು, ಆ ತೂಕ ಮುಂದಕ್ಕೆ ವಾಲುತ್ತದೆಯೋ ಹಿಂದಕ್ಕೋ ಎಂಬುದನ್ನು ಲೆಕ್ಕ ಹಾಕಿ ಲೋಡ್ ಶೀಟ್ ಸಿದ್ಧಪಡಿಸುತ್ತಾರೆ. ಅದನ್ನು ಕ್ಯಾಪ್ಟನ್ ಒಪ್ಪಬೇಕು. ಅಷ್ಟರಲ್ಲಿ ಪ್ರತಿ ಪೆಟ್ಟಿಗೆಯೂ ಸ್ಕ್ಯಾನ್ ಆಗಿ ವಿಮಾನ ಸೇರಬೇಕು.

ಆದರೆ ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವಿದೆ. 1985ರ ಜೂನ್ 22ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ಒಬ್ಬ ಪ್ರಯಾಣಿಕ ಟೊರಾಂಟೊ ವಿಮಾನಕ್ಕೆ ಒಂದು ಸೂಟ್‌ಕೇಸ್ ಕೊಟ್ಟ. ಅಲ್ಲಿಂದ ಮುಂದಿನ ಏರ್ ಇಂಡಿಯಾ ವಿಮಾನಕ್ಕೆ ಅವನ ಸೀಟು ಖಚಿತವಾಗಿರಲಿಲ್ಲ. ಆದರೂ ಪೆಟ್ಟಿಗೆಯನ್ನು ಆ ವಿಮಾನಕ್ಕೇ ದಾಟಿಸಬೇಕೆಂದು ಹಟ ಹಿಡಿದ. ಕೌಂಟರಿನವರು ಕೊನೆಗೆ ಒಪ್ಪಿದರು. ಪೆಟ್ಟಿಗೆ ಹೋಯಿತು, ಅವನು ಹತ್ತಲೇ ಇಲ್ಲ. ಮರುದಿನ ಐರ್ಲೆಂಡ್ ಕರಾವಳಿಯ ಆಚೆ ಆ ಏರ್ ಇಂಡಿಯಾ ವಿಮಾನ 'ಕನಿಷ್ಕ' ಆಕಾಶದಲ್ಲೇ ಸ್ಫೋಟಗೊಂಡಿತು. 329 ಜನ ಸತ್ತರು. ಅದೇ ದಿನ ಜಪಾನಿನ ನರಿಟಾ ನಿಲ್ದಾಣದಲ್ಲಿ ಇನ್ನೊಂದು ಪೆಟ್ಟಿಗೆ ಸಿಡಿದು, ಸಾಮಾನು ಸಾಗಿಸುತ್ತಿದ್ದ ಇಬ್ಬರು ಕೆಲಸಗಾರರು ಪ್ರಾಣ ಕಳೆದುಕೊಂಡರು. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿಯಲ್ಲಿ 270 ಜನರನ್ನು ಕೊಂದದ್ದೂ ಒಡೆಯನಿಲ್ಲದೆ ವಿಮಾನ ಏರಿದ ಪೆಟ್ಟಿಗೆಯೇ.

ಪ್ರಯಾಣಿಕ ಹತ್ತದಿದ್ದರೆ ಅವನ ಪೆಟ್ಟಿಗೆಯೂ ಹೋಗಬಾರದು ಎಂಬ ನಿಯಮವನ್ನು ಜಗತ್ತು ಬಿಗಿಗೊಳಿಸಿದ್ದು ಈ ಸಾವುಗಳ ನಂತರ. ಹಾಗಾಗಿ ಪೆಟ್ಟಿಗೆ ಕೊಟ್ಟು, ಒಳಗೆ ಕಾಫಿ ಕುಡಿಯುತ್ತಾ ಗೇಟಿಗೆ ತಡವಾಗಿ ಹೋದರೆ, ತುಂಬಿದ ನೂರಾರು ಪೆಟ್ಟಿಗೆಗಳ ನಡುವಿನಿಂದ ನಿಮ್ಮದನ್ನು ಹುಡುಕಿ ಕೆಳಗಿಳಿಸಬೇಕಾಗುತ್ತದೆ. ಒಳಗೆ ಕುಳಿತವರೆಲ್ಲ ಅಷ್ಟು ಹೊತ್ತು ಕಾಯುತ್ತಾರೆ. ಹೆಸರು ಹಿಡಿದು ಕೂಗುತ್ತಾರೆಂದು ನಂಬಿ ಕೂರಬೇಡಿ. ಹಲವು ನಿಲ್ದಾಣಗಳಲ್ಲಿ ಈಗ ಧ್ವನಿವರ್ಧಕದ ಕರೆ ಬಹಳ ಕಡಿಮೆ. ಪರದೆಯ ಮೇಲೆ ಕಣ್ಣಿಡಿ.

[ನಕ್ಷೆ: ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ]

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಹಾಸನದ ಪಕ್ಕದ ಬೂವನಹಳ್ಳಿಯ ವಿಮಾನ ನಿಲ್ದಾಣದಿಂದ ವಿಮಾನ ಹಾರುವವರೆಗೆ ನಮಗೆ ಹೆಚ್ಚಾಗಿ ಬೆಂಗಳೂರು ಅಥವಾ ಮಂಗಳೂರೇ ಗತಿ. ಹಾಸನದಿಂದ ದೇವನಹಳ್ಳಿಗೆ ಸುಮಾರು 200 ಕಿಲೋಮೀಟರ್. ಚಿಕ್ಕಮಗಳೂರಿನವರು ಬೇಲೂರು ದಾಟಿ ಹಾಸನಕ್ಕೆ ಬರಲು ಇನ್ನೂ 60 ಸೇರಿಸಿಕೊಳ್ಳಿ. ಹಾಸನದಿಂದ ಬೆಂಗಳೂರು ಮೂರೂವರೆ ಗಂಟೆ ಎನ್ನುವುದು ನಮ್ಮ ಬಾಯಿಪಾಠ, ಆದರೆ ವಿಮಾನ ನಿಲ್ದಾಣ ಇರುವುದು ಊರಿನ ಇನ್ನೊಂದು ತುದಿಯ ಆಚೆ. ಗೊರಗುಂಟೆಪಾಳ್ಯ, ಹೆಬ್ಬಾಳದ ದಟ್ಟಣೆಗೆ ಸಿಕ್ಕಿದರೆ ಮುಗಿಯಿತು. ನೆಲಮಂಗಲದಲ್ಲೇ ತಿರುಗಿ ಮಧುರೆ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನೊಳಗೆ ನುಗ್ಗುವುದು ತಪ್ಪುತ್ತದೆ. ಆ ದಾರಿಯಲ್ಲೂ ಊಟ, ತಿಂಡಿಯ ನಿಲುಗಡೆ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಿ. 9.30ರ ವಿಮಾನಕ್ಕೆ 7.30ಕ್ಕೆ ಅಲ್ಲಿರಬೇಕು. ಎಂದರೆ ರಾತ್ರಿ 2.30ಕ್ಕೆ ಹಾಸನ ಬಿಡಬೇಕು. ಮಳೆಗಾಲದಲ್ಲಿ ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಹೊರಟಿದ್ದರೆ ಹಿಂದಿನ ದಿನವೇ ಘಾಟಿ ಇಳಿದುಬಿಡಿ. ದೋಣಿಗಾಲ್ ಬಳಿ ಮಣ್ಣು ಕುಸಿದರೆ ಶಿರಾಡಿಯಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ.

ಇನ್ನೊಂದು ಮಾತನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಟಿಕೆಟ್‌ನಲ್ಲಿ "15ನೇ ತಾರೀಕು, 01.30" ಎಂದಿದ್ದರೆ ಅದು 14ರ ರಾತ್ರಿ ಕಳೆದು ಬರುವ ಒಂದೂವರೆ ಗಂಟೆ. ಹಾಸನದಿಂದ 14ರ ಸಂಜೆ 5ಕ್ಕೆಲ್ಲ ಹೊರಡಬೇಕು. 15ರ ಸಂಜೆ ಹೊರಟವರಿಗೆ ವಿಮಾನ ಹಿಂದಿನ ರಾತ್ರಿಯೇ ಹೋಗಿಯಾಗಿರುತ್ತದೆ.

[ದೃಶ್ಯ: ನೆಲಮಂಗಲ ಟೋಲ್ ಬಳಿ ನಿಂತ ವಾಹನಗಳ ಸಾಲು]

ದಾರಿಯಲ್ಲೇ ತಡವಾಗುವುದು ಖಚಿತವಾದರೆ ವಿಮಾನ ಹೊರಡುವ ಮೊದಲೇ ಸಂಸ್ಥೆಗೆ ಕರೆ ಮಾಡಿ, ಇಲ್ಲವೇ ಆ್ಯಪ್‌ನಲ್ಲಿ ದಿನಾಂಕ ಬದಲಿಸಿ. ಹೊರಡುವುದಕ್ಕೆ ಕೆಲವು ಗಂಟೆ ಮೊದಲಿನವರೆಗೆ ಶುಲ್ಕ ಕಟ್ಟಿ ಬದಲಿಸಬಹುದು. ಸಮಯ ಮೀರಿದರೆ ನೀವು 'ನೋ ಶೋ', ಅಂದರೆ ಬಾರದವರು. ಕೈಚೀಲ ಮಾತ್ರ ಇದ್ದರೆ ಮೊಬೈಲ್‌ನಲ್ಲೇ ವೆಬ್ ಚೆಕ್-ಇನ್, ಅಂದರೆ ಹಾಜರಿ ದಾಖಲಿಸಿ ಬೋರ್ಡಿಂಗ್ ಪಾಸ್ ಪಡೆಯುವ ಕೆಲಸ, ಮುಗಿಸಿಕೊಳ್ಳಿ. ಆಗ ಕೌಂಟರಿನ ಗೊಡವೆಯಿಲ್ಲದೆ ನೇರವಾಗಿ ಭದ್ರತಾ ತಪಾಸಣೆಗೆ ಹೋಗಬಹುದು.

ಗೇಟಿನಲ್ಲಿ ತಪ್ಪಿದರೆ ನೀವಾಗಿಯೇ ಹೊರಗೆ ನಡೆದು ಬರುವಂತಿಲ್ಲ. ಸಂಸ್ಥೆಯ ಸಿಬ್ಬಂದಿ ಕರೆತರುತ್ತಾರೆ, ಇಳಿಸಿದ ಪೆಟ್ಟಿಗೆಯನ್ನು ಮರಳಿ ಕೊಡುತ್ತಾರೆ. ವಿದೇಶ ಪ್ರಯಾಣವಾದರೆ ಪಾಸ್‌ಪೋರ್ಟ್‌ನಲ್ಲಿ ಬಿದ್ದ ನಿರ್ಗಮನ ಮುದ್ರೆಯನ್ನು ರದ್ದುಪಡಿಸಿಕೊಳ್ಳಲೇಬೇಕು. ಮುಂದಿನ ವಿಮಾನದಲ್ಲಿ ಸೀಟು ಕೊಡುತ್ತೀರಾ ಎಂದು ಕೇಳಿ. ಕೆಲವರು ಶುಲ್ಕ ಪಡೆದು ಕೊಡುವುದುಂಟು, ಆದರೆ ಕೊಡಲೇಬೇಕೆಂದಿಲ್ಲ. ಹೋಗಿಬರುವ ಟಿಕೆಟ್ ಒಂದೇ ಬುಕಿಂಗ್‌ನಲ್ಲಿದ್ದರೆ, ಬರುವ ಟಿಕೆಟ್ ಉಳಿದಿದೆಯೇ ಎಂದು ಅಲ್ಲೇ ವಿಚಾರಿಸಿ. ಹೋಗುವಾಗ ಹತ್ತದವರ ಮರುಪ್ರಯಾಣವನ್ನು ರದ್ದು ಮಾಡುವ ಸಂಸ್ಥೆಗಳು ಹಲವಿವೆ.

[ಪರದೆಯ ಮೇಲೆ: ಟಿಕೆಟ್ ದರದ ವಿಭಜನೆ]

ಕೊನೆಗೆ ಹಣ. ಮೂಲ ದರ ಮತ್ತು ಇಂಧನ ಶುಲ್ಕ ಬಹುತೇಕ ಹೋದಂತೆಯೇ. ಆದರೆ ಟಿಕೆಟ್‌ನೊಳಗೆ ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಎಂಬ ಸಾಲುಗಳಿವೆಯಲ್ಲ, ಅವನ್ನು ನೀವು ಹತ್ತದಿದ್ದರೂ ಮರಳಿಸಬೇಕು. ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ರಿಯಾಯಿತಿ ದರದ, "ಹಣ ಮರಳುವುದಿಲ್ಲ" ಎಂದು ಬರೆದ ಟಿಕೆಟ್‌ಗೂ ಇದು ಅನ್ವಯಿಸುತ್ತದೆ. ಮರಳಿಸಲೆಂದು ಪ್ರತ್ಯೇಕ ಶುಲ್ಕ ಹಿಡಿಯುವಂತಿಲ್ಲ. ಏಜೆಂಟರ ಮೂಲಕ ತೆಗೆಸಿದ್ದರೂ ಹೊಣೆ ವಿಮಾನ ಸಂಸ್ಥೆಯದೇ. ನಾಲ್ಕು ಜನರ ಕುಟುಂಬಕ್ಕೆ ಇದು ಕೈಬಿಡುವ ಮೊತ್ತವಲ್ಲ, ಹಾಗಾಗಿ ಕೇಳಿ ಪಡೆಯಿರಿ. ಟಿಕೆಟ್‌ನ ಪಿಎನ್‌ಆರ್ ಸಂಖ್ಯೆ ಬರೆದು, ಬಾಕಿ ತೆರಿಗೆ ಮತ್ತು ಶುಲ್ಕ ಮರಳಿಸಿ ಎಂದು ಸಂಸ್ಥೆಗೆ ಇಮೇಲ್ ಕಳಿಸಿ. ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿ, ಆ ಇಮೇಲಿನ ಪ್ರತಿಯನ್ನೂ ಜೊತೆಗೆ ಸೇರಿಸಿ.